ಲೇಸು ಹೆಣೆದವರ ಹೆಸರು

ಎಂಬತ್ತರ ದಶಕದಲ್ಲಿ ನಮ್ಮ ಮನೆಯ ರೇಡಿಯೋ ಮೇಲೆ, ದಿಂಬಿನ ಅಂಚಿನಲ್ಲಿ, ನನ್ನ ಲಂಗದ ತುದಿಯಲ್ಲಿ ಅಮ್ಮನ ಲೇಸು ಇರುತ್ತಿತ್ತು. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿದ ಮೇಲೆ ದಾರದ ಉಂಡೆ ಮಡಿಲಲ್ಲಿಟ್ಟುಕೊಂಡು, ಎಡಗೈ ತೋರುಬೆರಳಿಗೆ ದಾರ ಸುತ್ತಿ, ಕ್ರೋಷಾ ಕಡ್ಡಿಯಲ್ಲಿ ಮೊದಲು ಚೈನು ಹಾಕುತ್ತಿದ್ದಳು. ಅದರ ಮೇಲೆ ಕಂಬಗಳು ಏಳುತ್ತಿದ್ದವು. ಒಂದು ಕಂಬದ ಎಣಿಕೆ ತಪ್ಪಿದರೂ ಇಡೀ ಸಾಲು ಬಿಚ್ಚುತ್ತಿದ್ದಳು. ಇಷ್ಟು ಲೆಕ್ಕ, ಇಷ್ಟು ಕಣ್ಣು ಬೇಡುವ ಈ ಕೆಲಸಕ್ಕೆ ಮನೆಯವರು ಹೇಳುತ್ತಿದ್ದದ್ದು, ‘ಹೊತ್ತು ಹೋಗೋಕೆ ಏನೋ ಮಾಡ್ತಾಳೆ’ ಎಂದು.

ಆಂಧ್ರದ ನರಸಾಪುರದಲ್ಲಿ ಇಂಥದೇ ಮಾತು ಹೆಂಗಸರ ಕೂಲಿಗೆ ಕಲ್ಲು ಹಾಕಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾರೆ. ವಿದೇಶಕ್ಕೆ ಹೋಗುವ ಲೇಸನ್ನು ಮನೆಯಲ್ಲೇ ಕೂತು ಹೆಣೆದವರು ಬರೀ ಗೃಹಿಣಿಯರು ಎನಿಸಿಕೊಂಡರು, ಅವರ ದುಡಿಮೆ ಬಿಡುವಿನ ಕೆಲಸವಾಯಿತು. ಲಾಭ ವ್ಯಾಪಾರಿಗಳ ಪಾಲಾಯಿತು.

2011ರಲ್ಲಿ ಸಿಡ್ನಿಯ ಪವರ್‌ಹೌಸ್ ಮ್ಯೂಸಿಯಮ್ಮಿನಲ್ಲಿ ‘ಲವ್ ಲೇಸ್’ ಪ್ರದರ್ಶನ ನೋಡಿದೆ. 20 ದೇಶಗಳ 130 ಕಲಾವಿದರ ಲೇಸು ಅಲ್ಲಿತ್ತು. ರೇಷ್ಮೆ, ನಾರಿನ ಜೊತೆಗೆ ಚಿನ್ನ, ಟೈಟಾನಿಯಂ, ಕುದುರೆ ಕೂದಲು, ಆಪ್ಟಿಕಲ್ ಫೈಬರ್ ಕೂಡ ಹೆಣಿಗೆಗೆ ಬಂದಿದ್ದವು. ದಾರದಷ್ಟೇ ನಡುವಿನ ಖಾಲಿ ಜಾಗವೂ ಮುಖ್ಯವಾಗುವ ಹೆಣಿಗೆಯೆಲ್ಲ ಲೇಸೇ ಎಂಬುದು ಆಯೋಜಕರ ನಿಲುವು. ಅಮ್ಮ ಬಾಯಲ್ಲಿ ಹೇಳದೆ ಕೈಯಲ್ಲಿ ಪಾಲಿಸಿದ್ದ ನಿಯಮವದು: ಎರಡು ಕಂಬದ ನಡುವೆ ಎಷ್ಟು ಚೈನು ಬಿಡಬೇಕು ಎನ್ನುವುದರಲ್ಲೇ ಅವಳ ಹೂವು ಅರಳುತ್ತಿತ್ತು.

ನಾನು ಹೆಚ್ಚು ಹೊತ್ತು ನಿಂತದ್ದು ಒಂದು ತಂತಿಬೇಲಿಯ ಮುಂದೆ. ಸೈಟಿನ ಸುತ್ತ ಹಾಕುವಂಥ ಸಾದಾ ಜಾಲರಿ. ಅದರ ನಡುವೆ ತಂತಿಯೇ ಬಾಗಿ, ತಿರುಚಿಕೊಂಡು ಹೂಬಳ್ಳಿಯಾಗಿತ್ತು. ವಿನ್ಯಾಸ ಡಚ್ ಕಲಾವಿದ ಯೂಪ್ ವರ್‌ಹೂವನ್ ಅವರದು. ತಂತಿ ತಿರುಚಿದ ಕೈಗಳು ಬೆಂಗಳೂರಿನವು.

ಇಂದು ಅದೇ ಬೆಂಗಳೂರಿನ ಬಡಾವಣೆಗಳಲ್ಲಿ ಹೆಂಗಸರು ಕ್ರೋಷಾ ಕಡ್ಡಿ ಹಿಡಿದು ಸೀರೆಗೆ ಕುಚ್ಚು ಹಾಕಿ ಸಂಪಾದಿಸುತ್ತಿದ್ದಾರೆ. ಕೈಚಳಕ ಅಂದೂ ಇತ್ತು, ಇಂದೂ ಇದೆ. ಮ್ಯೂಸಿಯಂ ಅದಕ್ಕೆ ಕೊಟ್ಟದ್ದು ಗೋಡೆ ಮತ್ತು ಹೆಸರು. ಹೆಸರನ್ನು ನಾವೂ ಕೊಡಬಹುದು. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಲೇಸಿದ್ದರೆ, ಹೆಣೆದವರ ಹೆಸರು, ಊರು ಬರೆದ ಬಟ್ಟೆಪಟ್ಟಿಯೊಂದನ್ನು ಅದಕ್ಕೆ ಹೊಲಿದಿಡಿ. ಕುಚ್ಚು ಹಾಕಿಕೊಟ್ಟವರ ಹತ್ತಿರ ಚೌಕಾಸಿ ಮಾಡಬೇಡಿ.