ಮದರ್‌ಬೋರ್ಡ್ ಬದಲಾದ ಮೇಲೆ

ನಮ್ಮ ಮನೆಯ ಗಣಕಯಂತ್ರದ ಮದರ್‌ಬೋರ್ಡ್ ಸುಟ್ಟುಹೋಗಲು ಹೊಸದನ್ನು ಹಾಕಿಸಿದೆನು. ವಿಂಡೋಸನ್ನು ಮರಳಿ ಸ್ಥಾಪಿಸಿದೊಡನೆ ಅದು ಪರವಾನಗಿ ಇಲ್ಲವೆಂದಿತು. ಹಣ ತೆತ್ತು ಕೊಂಡವನು ನಾನು. ಅದು ಬಲ್ಲದ್ದು ಹಳೆಯ ಬೋರ್ಡನ್ನು ಮಾತ್ರ! 2001ರ ಎಕ್ಸ್‌ಪಿಯಿಂದಲೂ ಹೀಗೆ ಯಂತ್ರದ ಗುರುತು ಹಿಡಿಯುವ ಕ್ರಮವುಂಟು. ಡಿಸ್ಕ್ ಒಂದನ್ನೇ ಬದಲಿಸಿದರೆ ಸಾಮಾನ್ಯವಾಗಿ ತೊಡಕಿಲ್ಲ. ಮದರ್‌ಬೋರ್ಡ್ ಬದಲಾದರೆ ಅದರ ಲೆಕ್ಕಕ್ಕೆ ಅದು ಬೇರೆಯೇ ಯಂತ್ರ.

“ಇನ್ನೂರು ರೂಪಾಯಿ ಕೊಡಿ ಸ್ವಾಮಿ, ಕಳ್ಳ ಪ್ರತಿ ಹಾಕಿಕೊಡುವೆ” ಎಂದನು ರಿಪೇರಿಯ ಹುಡುಗ. ನನ್ನದನ್ನೇ ನಾನೇಕೆ ಕದಿಯಬೇಕು?

ಯಂತ್ರದೊಡನೆಯೇ ಬಂದ ಓಇಎಂ ಪರವಾನಗಿಯಾದರೆ ಸಾಮಾನ್ಯವಾಗಿ ಆ ಯಂತ್ರದೊಡನೆಯೇ ಮುಗಿಯುವುದು. ನನ್ನದು ಬಿಡಿಯಾಗಿ ಕೊಂಡ ರೀಟೇಲ್ ಪರವಾನಗಿ. ಹೊಸ ಯಂತ್ರಕ್ಕೂ ಸಲ್ಲುವಂಥದು. 2016ರಿಂದ ಅದನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಡಬಹುದಾಗಿದೆ. ಹಾಗೆ ಮೊದಲೇ ಜೋಡಿಸಿದ್ದೆನಾದ್ದರಿಂದ, ಸೆಟ್ಟಿಂಗ್ಸ್‌ನಲ್ಲಿ ‘ಯಂತ್ರಾಂಶ ಬದಲಿಸಿದ್ದೇನೆ’ ಎಂಬುದನ್ನು ಒತ್ತಿ, ಖಾತೆಗೆ ಪ್ರವೇಶಿಸಿ, ಹಳೆಯ ಯಂತ್ರದ ಹೆಸರನ್ನು ತೋರಿದೆನು. ಒಪ್ಪಿತು.