ಹಿರಿಯರು ಮೊದಲ ಸಲ ಹಡಗು ಹತ್ತುವಾಗ

ಮುಂಬೈಯಿಂದ ಗೋವಾ, ಲಕ್ಷದ್ವೀಪಕ್ಕೆ ಕಾರ್ಡೆಲಿಯಾ ಪ್ರವಾಸಿ ಹಡಗು ಓಡಾಡೋಕೆ ಶುರುವಾಗಿದ್ದು 2021ರಲ್ಲಿ. ಈಗ ಬೀದರಿನ ನಮ್ಮ ಚಿದ್ರಿಯಲ್ಲೂ ಅವ್ವ, ಅಪ್ಪನ್ನ ಒಮ್ಮೆ ಕರ್ಕೊಂಡು ಹೋಗಬೇಕು ಅನ್ನೋರಿದ್ದಾರೆ. ಖಂಡಿತ ಕರ್ಕೊಂಡು ಹೋಗ್ರಿ.

ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಮ್ಮನ್ನ ಹೆಗಲ ಮೇಲೆ ಹೊತ್ತು ನಡೆದವರು ಅವರು. ನೀರಿಗೆ ಅಂಜೋರಲ್ಲ. ಅವರ ಅಂಜಿಕೆನೇ ಬೇರೆ: ಬಾಗಿಲು ಕಾರ್ಡಿನಿಂದ ಹೆಂಗ ತೆಗೀಬೇಕು, ನಡುರಾತ್ರಿ ಏನಾದ್ರೂ ಆದ್ರೆ ಮಕ್ಕಳು ಯಾವ ಮಹಡಿಯಲ್ಲಿದ್ದಾರೆ. ಅದಕ್ಕೇ ಪಕ್ಕಪಕ್ಕದ ಕೋಣೆ ಹಿಡೀರಿ. ಕೆಳಗಿನ ಮಹಡಿ, ಹಡಗಿನ ನಡುಭಾಗ ಆದ್ರೆ ತೂಗಾಟ ಕಡಿಮೆ. ರೊಕ್ಕ ಉಳೀತದಂತ ಕಿಟಕಿ ಇಲ್ಲದ ಕೋಣೆ ಮಾತ್ರ ಕೊಡಬ್ಯಾಡ್ರಿ. ಬೆಳಗಾಯ್ತೋ ಇಲ್ಲೋ ಅಂತಲೇ ಗೊತ್ತಾಗದ ಕತ್ತಲಲ್ಲಿ ವಯಸ್ಸಾದವರು ಕಂಗಾಲಾಗ್ತಾರೆ.

ಬಿಪಿ, ಶುಗರ್ ಗುಳಿಗೆ ಕೈಚೀಲದಲ್ಲೇ ಇರಲಿ. ದೊಡ್ಡ ಬ್ಯಾಗು ಕೋಣೆಗೆ ಬರೋದು ತಡ ಆಗ್ತದ.

ಲಕ್ಷದ್ವೀಪದ ಅಗತ್ತಿಯಲ್ಲಿ ಹಡಗು ದಂಡೆಗೆ ಬರೋದಿಲ್ಲ, ದೂರ ನಿಲ್ತದ. ಅಲುಗಾಡೋ ಸಣ್ಣ ದೋಣಿಗೆ ಇಳೀಬೇಕು. ಮೊಣಕಾಲು ನೋವಿದ್ದವರಿಗೆ ಅದು ಭಾಳ ಕಷ್ಟ, ಒತ್ತಾಯ ಮಾಡಬ್ಯಾಡ್ರಿ. ಅವತ್ತು ಮನೆಯವರಲ್ಲಿ ಒಬ್ಬರು ಅವರ ಜೊತೆ ಹಡಗಲ್ಲೇ ಉಳೀರಿ, ಮ್ಯಾಲಿನ ಡೆಕ್ಕಿನಲ್ಲಿ ಕೂತು ಚಹಾ ಕುಡೀರಿ, ಅವರ ಹಳೇ ಮಾತು ಕೇಳ್ರಿ.