ಹಳೆಯ ಮನೆಯ ಕೀಲಿಕೈ



ಬಹಳ ದಿನ ಏನೂ ಬರೆಯದಿದ್ದುದಕ್ಕೆ ಕ್ಷಮೆಯಿರಲಿ. ನಮ್ಮ ಕುಟುಂಬದಲ್ಲಿ ಒಂದು ವಾದ ನಡೆದಿತ್ತು. ಅದು ಒಂದು ನೆಲೆಗೆ ಬರುವವರೆಗೆ ಲೇಖನಿ ಹಿಡಿಯಲು ಮನಸ್ಸಾಗಲಿಲ್ಲ.

ನನ್ನ ಹಿರಿಯಣ್ಣನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿದ್ದಾನೆ. ತಂದೆಯ ಪುಣ್ಯತಿಥಿಗೆ ವಿಮಾನದಲ್ಲಿ ಸಾಂಬ್ರಾಕ್ಕೆ ಬಂದಿಳಿದು, ಅಲ್ಲಿಂದ ಬಾಡಿಗೆಯ ಕಾರಿನಲ್ಲಿ ಹುಕ್ಕೇರಿ ತಾಲ್ಲೂಕಿನ ನಮ್ಮ ಹಳ್ಳಿಯನ್ನು ಸೇರುವುದು ಅವನ ರೂಢಿ. ಆದರೆ 2025ರ ಪುಣ್ಯತಿಥಿ ಡಿಸೆಂಬರಿನ ಮೊದಲ ವಾರದಲ್ಲಿ ಬಂದಿತು. ಇಂಡಿಗೋ ಸಂಸ್ಥೆಯ ವಿಮಾನಗಳು ದೇಶದಾದ್ಯಂತ ರದ್ದಾದ ವಾರವದು. ಚಾಲಕರ ವಿಶ್ರಾಂತಿಯ ಹೊಸ ನಿಯಮಗಳು ನವೆಂಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದಿದ್ದವು. ಅದಕ್ಕೆ ತಕ್ಕಷ್ಟು ಚಾಲಕರಿರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಮಿಕ್ಕಿ ಹಾರಾಟಗಳು ನಿಂತವು. ಉಳಿದ ವಿಮಾನಗಳ ದರ ಮುಗಿಲಿಗೇರಿದ್ದರಿಂದ ಮರುದಿನ ಸರ್ಕಾರವೇ ಮಿತಿ ವಿಧಿಸಬೇಕಾಯಿತು: 500 ಕಿಲೋಮೀಟರಿನ ಒಳಗಿನ ಹಾದಿಗೆ 7,500 ರೂಪಾಯಿ, ಸಾವಿರದ ಒಳಗಿನದಕ್ಕೆ 12,000. ನಮ್ಮ ಹುಡುಗ ಆ ಗೊಡವೆಗೇ ಹೋಗದೆ ರಾಣಿ ಚೆನ್ನಮ್ಮ ರೈಲು ಹಿಡಿದು ಘಟಪ್ರಭಾ ನಿಲ್ದಾಣದಲ್ಲಿ ಇಳಿದ. ಗೋಕಾಕದಿಂದ ನಾನು ಹೋಗಿ ಕರೆದುಕೊಂಡೆ.

ಚಹಾ ಕುಡಿಯುತ್ತಲೇ ಅವನು ತನ್ನ ಯೋಜನೆಯನ್ನು ಮುಂದಿಟ್ಟ. ಊರಿನ ನಮ್ಮ ಹಳೆಯ ಮನೆಯನ್ನು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡಬೇಕು. ಮಳೆಗಾಲದಲ್ಲಿ ಗೋಕಾಕ ಜಲಪಾತವನ್ನೂ ಗೊಡಚಿನಮಲ್ಕಿಯನ್ನೂ ನೋಡಲು ಜನ ಬರುತ್ತಾರೆ. ಬೇಸಿಗೆಯಲ್ಲಿ ಹಿಡಕಲ್ ಜಲಾಶಯದ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವಸ್ಥಾನ ಮೇಲೆದ್ದು ಕಾಣುತ್ತದೆ, ಅದಕ್ಕೂ ಬರುತ್ತಾರೆ. ಇಳಿದುಕೊಳ್ಳಲು ತಕ್ಕ ಸ್ಥಳವಿಲ್ಲ. ಹೋಂಸ್ಟೇಗಳಿಗೆ ಮುದ್ರಾ ಸಾಲ ಕೊಡುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿಯೇ ಹೇಳಿದ್ದಾರೆ.

"ವಿಮಾನದ ಸೀಟಿನಂಗ ಮನಿ ರೇಟೂ ದಿನಾ ಬದಲಾಗತೈತಿ ಕಾಕಾ. ಶನಿವಾರ ಹೆಚ್ಚು, ಮಂಗಳವಾರ ಕಡಿಮಿ. ಫೋನೇ ಎಲ್ಲಾ ನೋಡಿಕೊಳ್ಳತೈತಿ."

"ಮನ್ಯಾಗ ಯಾರಿರತಾರ?"

"ಯಾರೂ ಬೇಕಾಗಿಲ್ಲ. ಬಾಗಿಲಕ್ಕ ನಂಬರಿನ ಕೀಲಿ ಹಾಕತೀನಿ. ಬಂದವರ ಫೋನಿಗೆ ನಂಬರ ಹೋಗತೈತಿ. ಅವ್ವನ್ನ ಬೆಂಗಳೂರಿಗೆ ಕರಕೊಂಡು ಹೋಗತೀನಿ."

ಅವ್ವ ಎಂದರೆ ನನ್ನ ವೈನಿ, ಅಣ್ಣನ ಹೆಂಡತಿ. ಎಪ್ಪತ್ತಾರು ವರ್ಷ. ಅಣ್ಣ ತೀರಿಕೊಂಡ ಮೇಲೆ ಆ ಎಂಟು ಖೋಲಿಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಆ ಮಾತು ಕೇಳಿ ನನಗೆ ಸಿಟ್ಟು ಬಂದಿತು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಸಿಟ್ಟು ಬಂದರೆ ಓದಲು ಕೂರುತ್ತಾನೆ. ಪತ್ರಿಕೆಗಳನ್ನು ಹುಡುಕಿ, ಹುಡುಗನ ಎದುರು ಇಡಲು ಟಿಪ್ಪಣಿ ಮಾಡಿಕೊಂಡೆ.

ಈ ಬಗೆಯ ಬಾಡಿಗೆಗೆ ಹೆಸರಾದ ಏರ್‌ಬಿಎನ್‌ಬಿ ಹುಟ್ಟಿದ್ದು 2007ರಲ್ಲಿ. ಸ್ಯಾನ್‌ಫ್ರಾನ್ಸಿಸ್ಕೋದ ಇಬ್ಬರು ತರುಣರು ಬಾಡಿಗೆ ಕಟ್ಟಲು ಹಣ ಸಾಲದೆ, ತಮ್ಮ ನಡುಮನೆಯಲ್ಲಿ ಗಾಳಿಹಾಸಿಗೆ ಹಾಕಿ ಮೂವರನ್ನು ಮಲಗಿಸಿಕೊಂಡರು. ಬೆಳಿಗ್ಗೆ ಉಪಾಹಾರವನ್ನೂ ಕೊಟ್ಟರು. ಅಂದರೆ ಮೊದಲ ದಿನ ಮನೆಯವರು ಮನೆಯಲ್ಲಿಯೇ ಇದ್ದರು! ಕಾಲಕ್ರಮೇಣ ಮನೆಯವರು ಹೊರಗೆ ಹೋದರು, ಕೀಲಿ ಮಾತ್ರ ಉಳಿಯಿತು. ಹೀಗಾಗಿ ನ್ಯೂಯಾರ್ಕ್ ನಗರವು 2023ರ ಸೆಪ್ಟೆಂಬರಿನಿಂದ, ಮೂವತ್ತು ದಿನಕ್ಕಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವವರು ಅತಿಥಿಯ ಜೊತೆಗೇ ಮನೆಯಲ್ಲಿರಬೇಕು, ಇಬ್ಬರಿಗಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳಬಾರದು ಎಂಬ ನಿಯಮವನ್ನು ಬಿಗಿಗೊಳಿಸಿತು. ಊರವರಿಗೇ ವಾಸಕ್ಕೆ ಮನೆ ಸಿಗದಂತಾಗಿದೆಯೆಂದು ಬಾರ್ಸಿಲೋನಾ ನಗರವು ಪ್ರವಾಸಿಗಳ ಹತ್ತು ಸಾವಿರದಷ್ಟು ಮನೆಗಳ ಪರವಾನಗಿಯನ್ನು 2028ರ ನವೆಂಬರಿನ ಹೊತ್ತಿಗೆ ಮುಗಿಸುವುದಾಗಿ 2024ರಲ್ಲಿ ಸಾರಿತು. ನಮ್ಮ ಹಳ್ಳಿಯಲ್ಲಿ ಬಾಡಿಗೆಗೆ ಮನೆ ಸಿಗದ ತೊಂದರೆಯಿಲ್ಲ. ಬೀಗ ಬಿದ್ದ ಮನೆಗಳೇ ಹೆಚ್ಚು. ಆದ್ದರಿಂದ ಬಾರ್ಸಿಲೋನಾದ ವಾದ ಇಲ್ಲಿ ನಿಲ್ಲುವುದಿಲ್ಲವೆಂದು ಹುಡುಗ ಹೇಳಿದ್ದು ನಿಜ, ಒಪ್ಪಿಕೊಂಡೆ. ಆದರೆ ಹಂಪಿಯ ಬಳಿಯ ವಿರೂಪಾಪುರ ಗಡ್ಡೆಯಲ್ಲಿ ಎದ್ದಿದ್ದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರಲ್ಲಿ ಕೆಡವಿದ್ದು, 2025ರ ಮಾರ್ಚಿನಲ್ಲಿ ಸಾಣಾಪುರದ ಕಾಲುವೆಯ ಬಳಿ ಹೋಂಸ್ಟೇ ನಡೆಸುವ ಮಹಿಳೆಯ ಮೇಲೂ ಅವರ ಅತಿಥಿಗಳ ಮೇಲೂ ನಡೆದ ಘೋರ ಕೃತ್ಯ, ಇವೆರಡೂ ನಮ್ಮ ರಾಜ್ಯದವೇ. ಅವನ್ನು ಓದಿ ಹೇಳಿದೆ.

ಅವನು ಕ್ಯಾಪ್ಟನ್ ಗೋಪಿನಾಥರ ಉದಾಹರಣೆ ಕೊಟ್ಟ. ಗೊರೂರಿನ ಶಾಲಾಮಾಸ್ತರರ ಮಗ, 2003ರ ಆಗಸ್ಟಿನಲ್ಲಿ ಬೆಂಗಳೂರು ಹುಬ್ಬಳ್ಳಿ ನಡುವೆ ಏರ್ ಡೆಕ್ಕನ್ ವಿಮಾನ ಹಾರಿಸಿದಾಗಲೂ ದೊಡ್ಡವರು ನಕ್ಕಿದ್ದರಂತೆ. ಮಾಸ್ತರರ ಮಗನೆಂಬ ಕಾರಣಕ್ಕೆ ನನಗೂ ಅವರ ಮೇಲೆ ಅಭಿಮಾನವಿದೆ. ಆದರೂ ಒಂದು ರೂಪಾಯಿಗೆ ಟಿಕೆಟ್ ಕೊಟ್ಟ ಆ ಸಂಸ್ಥೆ ಐದು ವರ್ಷದೊಳಗೆ ಕಿಂಗ್‌ಫಿಶರ್ ಪಾಲಾಯಿತು, ಕಿಂಗ್‌ಫಿಶರ್ 2012ರಲ್ಲಿ ನಿಂತೇ ಹೋಯಿತು ಎಂದು ನೆನಪಿಸಿದೆ. ನಮ್ಮ ಸಾಂಬ್ರಾದ ಸ್ಥಿತಿಯೂ ಅಷ್ಟೇ. 2017ರ ಸೆಪ್ಟೆಂಬರಿನಲ್ಲಿ ಹೊಸ ನಿಲ್ದಾಣ ಉದ್ಘಾಟನೆಯಾಯಿತು. ಮರುವರ್ಷವೇ ವಿಮಾನಗಳು ಉಡಾನ್ ಯೋಜನೆಯ ಹುಬ್ಬಳ್ಳಿಗೆ ಹೊರಟುಹೋದವು. 2019ರಲ್ಲಿ ನಮಗೂ ಉಡಾನ್ ಸಿಕ್ಕಮೇಲೆ ತಿರುಗಿ ಬಂದವು. ಇಂಥ ಹಕ್ಕಿಯನ್ನು ನಂಬಿ ಮನೆಯ ಬಾಗಿಲಿಗೆ ನಂಬರು ಹಾಕುವುದೇ?

ಮೂಡಲಗಿಯಲ್ಲಿ ನನ್ನ ಬಳಿ ಓದಿದವರಿಗೆ ಬಾದಾಮಿ ಪ್ರವಾಸ ನೆನಪಿರಬಹುದು. ಕುಳಗೇರಿ ಕ್ರಾಸಿನ ಹತ್ತಿರ ರಾತ್ರಿ ಮಳೆಯಲ್ಲಿ ಬಸ್ಸು ಕೆಟ್ಟು ನಿಂತಿತು. ನಲವತ್ತೆರಡು ಮಕ್ಕಳು. ಪರಿಚಯವೇ ಇಲ್ಲದ ರೈತರೊಬ್ಬರು ತಮ್ಮ ಪಡಸಾಲೆ ತೆರೆದರು. ಆ ತಾಯಿ ಆ ಹೊತ್ತಿನಲ್ಲಿ ಒಲೆ ಹಚ್ಚಿ ಅನ್ನಸಾರು ಮಾಡಿ ಬಡಿಸಿದರು. ಬೆಳಿಗ್ಗೆ ಹಣ ಕೊಡಹೋದರೆ ಕೈಮುಗಿದರು. ನಾವೆಲ್ಲ ಬಸ್ಸು ಹತ್ತಿದ ಮೇಲೆ ಅದೇ ತಾಯಿ ಓಡಿ ಬಂದು, "ಮಾಸ್ತರ, ನಾ ರಾತ್ರಿ ನಲವತ್ತೆರಡು ತಾಟು ಇಟ್ಟಿದ್ದೆ, ಈಗ ನಲವತ್ತೊಂದೇ ತಲಿ ಅದಾವ" ಎಂದರು. ಎಣಿಸಿದ್ದು ಅವರು, ನಾನಲ್ಲ! ಒಬ್ಬ ಹುಡುಗ ಜೋಳದ ಚೀಲಗಳ ಸಂದಿಯಲ್ಲಿ ಇನ್ನೂ ಮಲಗಿದ್ದ. ಆತ ಇದನ್ನು ಓದುತ್ತಾನೆಂದು ಬಲ್ಲೆ, ಹೆಸರು ಹೇಳುವುದಿಲ್ಲ. ಈ ಪ್ರಸಂಗವನ್ನು ಹುಡುಗನಿಗೆ ಹೇಳಿ, ನಿನ್ನ ನಂಬರಿನ ಕೀಲಿ ತಾಟು ಎಣಿಸುವುದೇ ಎಂದು ಕೇಳಿದೆ. ಅವನು ಸುಮ್ಮನಾದ. ವಾದದಲ್ಲಿ ಗೆದ್ದೆನೆಂದು ತಿಳಿದೆ.

ಪುಣ್ಯತಿಥಿಯ ಊಟವಾದ ಮೇಲೆ ವೈನಿಯ ಎದುರಿಗೇ ಮಾತು ಬಂದಿತು. ಅವರ ಪರವಾಗಿ ನಾನು ಬಹಳ ಹೊತ್ತು ಮಾತನಾಡಿದೆ. ಅವರು ಅಡಿಕೆ ಕತ್ತರಿಸುತ್ತ ಕೇಳಿದರು.

"ಮಾಸ್ತರ, ನೀವು ನನ್ನ ಸಲುವಾಗಿ ಜಗಳಾಡಬ್ಯಾಡ್ರಿ. ಸಂಜಿ ಆದ್ರ ಈ ಮನ್ಯಾಗ ಟೀವಿ ಬಿಟ್ಟು ಮಾತಾಡೂ ಪ್ರಾಣಿ ಇಲ್ಲ. ಗೋಕಾಕದಿಂದ ನೀವು ಹಿಂದ ಬಂದದ್ದು ಯಾವಾಗ? ಪಂಚಮಿಗೆ."

ನಾಗರಪಂಚಮಿಯಿಂದ ಅಂದಿಗೆ ನಾಲ್ಕು ತಿಂಗಳಾಗಿದ್ದವು. ಗೋಕಾಕದಿಂದ ನಮ್ಮ ಹಳ್ಳಿಗೆ ಬಸ್ಸಿನಲ್ಲಿ ಒಂದೂವರೆ ತಾಸು. ನನ್ನ ಬಳಿ ಉತ್ತರವಿರಲಿಲ್ಲ. ಮನೆಯನ್ನು ಮನೆಯಾಗಿಯೇ ಉಳಿಸಬೇಕೆಂದು ವಾದಿಸುತ್ತಿದ್ದವನು ಆ ಮನೆಗೆ ಅತಿಥಿಯಾಗಿಯೂ ಹೋಗಿರಲಿಲ್ಲ.

ವೈನಿ ಮಗನ ಕಡೆ ತಿರುಗಿದರು. "ಮಂದಿ ಬರಲಿ. ನಾ ಬೆಂಗಳೂರಿಗೆ ಬರೂದಿಲ್ಲ. ಮುಂದಿನ ಎರಡು ಖೋಲಿ ಅಷ್ಟ ಕೊಡೂದು. ಕೀಲಿ ನನ್ನ ಹತ್ತರ ಇರತೈತಿ. ಕುಡದು ಬಂದವರಿಗೆ ಬಾಗಿಲಾ ತೆಗಿಯೂದಿಲ್ಲ. ಬಂದವರು ಉಂಡಾರೋ ಇಲ್ಲೋ ಅಂತ ಕೇಳಾಕ ಒಬ್ಬರು ಬೇಕಲ್ಲ?"

ಹುಡುಗ ಹೆಚ್ಚು ವಾದಿಸಲಿಲ್ಲ. ಶನಿವಾರದ ದರವನ್ನಾದರೂ ಏರಿಸೋಣ ಎಂದ.

"ಯಾಕ? ಶನಿವಾರದ ರೊಟ್ಟಿಗೆ ಜ್ವಾಳ ಹೆಚ್ಚು ಬೀಳತೈತೇನು?"

ಅವನೂ ನಕ್ಕ, ನಾನೂ ನಕ್ಕೆ. ಆ ಲೆಕ್ಕಕ್ಕೆ ಬೆಂಗಳೂರಿನಲ್ಲಾಗಲಿ ದಿಲ್ಲಿಯಲ್ಲಾಗಲಿ ಉತ್ತರವಿರಲಾರದು.

ಈಗ ಪ್ರವಾಸೋದ್ಯಮ ಇಲಾಖೆಯ ನೋಂದಣಿಗೆ ಬೇಕಾದ ಕಾಗದಪತ್ರಗಳನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಪ್ರತಿ ಶನಿವಾರ ಊರಿಗೆ ಹೋಗುತ್ತಿದ್ದೇನೆ. ಬಚ್ಚಲಿಗೆ ಹೊಸ ಬಾಗಿಲು ಮಾಡಲು ಬಡಿಗೇರನಿಗೆ ಹೇಳಿಯಾಗಿದೆ. ಪಡಸಾಲೆಗೆ ಸುಣ್ಣ ಆಗಬೇಕು. ಹೋದ ಶನಿವಾರ ಊಟವಾದ ಮೇಲೆ ಮುಂದಿನ ಖೋಲಿಯಲ್ಲಿ ನನಗೆ ಹಾಸಿಕೊಟ್ಟು, "ನೀವೇ ಮೊದಲ ಗಿರಾಕಿ" ಎಂದರು ವೈನಿ. ಬೆಳಿಗ್ಗೆ ಹೊರಡುವಾಗ ಸೆರಗಿನ ಗಂಟು ಬಿಚ್ಚಿ, ಹೊರಬಾಗಿಲಿನ ಕೀಲಿಕೈಯಿಂದ ಅಗಳಿ ತೆಗೆದು ನನ್ನನ್ನು ಬಸ್ಸಿಗೆ ಬಿಟ್ಟರು.